ಗಂಡನನ್ನು ಅಂಗ್ಕೋರ್ ವಾಟ್‌ಗೆ ಕರಕೊಂಡು ಹೋದದ್ದು

ಎಲ್ಲಿಗೆ ಹೋದರೂ ನಮ್ಮನೆಯವರ ಜೊತೆ ಇಂಥದ್ದೊಂದು ಆಗೇ ಆಗುತ್ತದೆ. ಕೇಳಿದವರು ನಗುತ್ತಾರೆ, ನನಗೆ ಮೈ ಉರಿಯುತ್ತದೆ. ನಾನು ಜಹೀರಾಬಾದಿನ ಶಾಲೆಯಲ್ಲಿ ಚರಿತ್ರೆ ಹೇಳುವವಳು. ಅವರದು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಕಾಂಬೋಡಿಯಾದ ಹಳೆಯ ಗುಡಿಗಳನ್ನು ನೋಡಬೇಕೆಂದು ವರ್ಷಗಟ್ಟಲೆ ಕಾಡಿ ಬೇಡಿ ಹೊರಡಿಸಿದೆ. ನಾರಾಯಣಖೇಡದ ದೊಡ್ಡ ನಾದಿನಿಯೂ ಆಡು-ಕುರಿಗಳನ್ನು ಸೊಸೆಗೆ ಒಪ್ಪಿಸಿ ಜೊತೆಗೆ ಬಂದರು.

ಸೂರ್ಯೋದಯ

ಅಂಗ್ಕೋರ್ ವಾಟ್ ಗೋಪುರಗಳ ಹಿಂದಿನಿಂದ ಸೂರ್ಯ ಏಳುವುದನ್ನು ನೋಡಲು ನಸುಕಿನಲ್ಲೇ ಹೋಗಿ ಕೊಳದ ದಂಡೆಯಲ್ಲಿ ಜಾಗ ಹಿಡಿದಿದ್ದೆ. ಆಕಾಶ ಕೆಂಪಾಗುವ ಹೊತ್ತಿಗೆ ಇವರು ತಾಂಡೂರಿನ ಪಾಲುದಾರರಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಕೈಗಿಟ್ಟರು.

"ಗುಡಿ ಕಡಿ ಹಿಡಿ. ನಾ ಮುಂದ ನಿಂದರ್ತೀನಿ."

"ನಾ ಸೂರ್ಯನ್ನ ನೋಡಾಕ ಬಂದೀನ್ರಿ."

"ಸೂರ್ಯ ದಿನಾ ಬರ್ತಾನ. ನೆಟ್‌ವರ್ಕ್ ಈಗ ಬಂದದ."

ಅತ್ತ ತಾಂಡೂರಿನಲ್ಲಿ ಇನ್ನೂ ಕತ್ತಲು. ದಂಡೆಯಲ್ಲಿದ್ದ ಅಷ್ಟೂ ಜನ ಸೂರ್ಯನನ್ನು ನೋಡಿದರು. ನಾನು ನೋಡಿದ್ದು ಫೋನಿನೊಳಗೆ ಬರೀ ಬನಿಯನ್ನಿನಲ್ಲಿ ಕೂತು ಆಕಳಿಸುತ್ತಿದ್ದ ಪಾಲುದಾರರನ್ನು.

ಗೋಡೆ ಮೇಲಿನ ಗಿಡ

ತಾ ಪ್ರೋಮ್ ಎಂಬ ಗುಡಿಯಲ್ಲಿ ದೊಡ್ಡ ದೊಡ್ಡ ಮರಗಳು ಗೋಡೆಗಳನ್ನು ಬೇರಿನಿಂದ ಅಪ್ಪಿ ಹಿಡಿದಿವೆ. ನಾನು ಒಂದರ ಹಿಂದೊಂದು ಫೋಟೋ ತೆಗೆಯುತ್ತಿದ್ದೆ. ನಾದಿನಿ ಪಕ್ಕಕ್ಕೆ ಬಂದರು.

"ನಮ್ಮೂರ ಹನುಮಪ್ಪನ ಗುಡಿ ಗ್ವಾಡ್ಯಾಗ ಅರಳಿ ಗಿಡ ಹುಟ್ಟಿದ್ದಕ್ಕ ಪೂಜಾರಿಗಿ ಬಾಯಿಗೆ ಬಂದಂಗ ಬೈದಿದ್ದಿ. ಇಲ್ಲಿ ಫೋಟೋ ತಗೋತಿ?"

"ಅದು ಬ್ಯಾರೆ, ಇದು ಬ್ಯಾರೆ."

"ಏನ್ ಬ್ಯಾರೆ?"

ಸಿಟ್ಟಿನಿಂದ ಇನ್ನೆರಡು ಫೋಟೋ ತೆಗೆದೆ. ಅವರು ಮರವನ್ನು ಬುಡದಿಂದ ತುದಿತನಕ ನೋಡಿ ತೀರ್ಪು ಕೊಟ್ಟರು: "ಆಗಿನ ರಾಜಾಗ ಆನಿ ಸಾಕಾಕ ಬಂತು, ನಾಕು ಆಡು ಸಾಕಾಕ ಬರಲಿಲ್ಲ. ಚಿಗುರಿದ್ದಾಗೇ ಮೇಯ್ದು ಮುಗಿಸ್ತಿದ್ವು."

ನಾಲ್ಕು ಮುಖ

ಅಂದು ಮಧ್ಯಾಹ್ನ ಇವರು ಒಂದು ಕೆತ್ತನೆ ಕಂಬವನ್ನು ಬೆರಳಿನಿಂದ ತಟ್ಟಿ, "ಕಲ್ಲು ಚಲೋ ಅದ, ಪಾಲಿಶ್ ಕಮ್ಮಿ" ಅಂದರು. ಏನಂದರೆಂದು ನಮ್ಮ ಗೈಡ್ ಇಂಗ್ಲಿಷಿನಲ್ಲಿ ಕೇಳಿದಾಗ ನಾಚಿಕೆಯಿಂದ ನೆಲ ನೋಡಿದೆ. ಅವನ ಮಾತನ್ನು ಇವರಿಗೆ ಕನ್ನಡದಲ್ಲಿ ಹೇಳುತ್ತಿದ್ದವಳು ನಾನು. "ಇನ್ನ ಮ್ಯಾಲ ಒಂದಕ್ಷರಾನೂ ಹೇಳಂಗಿಲ್ಲ" ಎಂದುಬಿಟ್ಟೆ.

ಮುಂದಿನದು ಬಯೋನ್ ಗುಡಿ. ಅಲ್ಲಿನ ಗೋಪುರಗಳ ಮೇಲೆ ನಾಲ್ಕೂ ದಿಕ್ಕಿಗೆ ನಗುವ ಕಲ್ಲಿನ ಮುಖಗಳು. ಯಾಕೆ ಹೀಗೆ ಎಂದು ನಾದಿನಿ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಇವರೇ ಶುರುಮಾಡಿದರು:

"ಈ ರಾಜಾಗ ನಾಕೂ ದಿಕ್ಕಿಗಿ ಬೀಗರು. ಒಂದ್ ಕಡಿ ನಕ್ಕರ ಉಳಿದ ಮೂರೂ ಕಡಿಯವರು ಸಿಟ್ಟಿಗೇಳತಿದ್ರು. ಅದಕ್ಕ ನಾಕೂ ಕಡಿ ನಗು ಮುಖ ಮಾಡಿಸಿ ಇಟ್ಟಾನ."

ಪಕ್ಕದಲ್ಲಿದ್ದ ಹೈದರಾಬಾದಿನ ಗುಂಪೊಂದು ಕಿವಿಗೊಟ್ಟಿತು. ಇವರು ಕೂಡಲೇ ತೆಲುಗಿಗೆ ಹೊರಳಿ ಬೀಗರ ಜಗಳಗಳನ್ನೆಲ್ಲ ಬಿಡಿಸಿ ಹೇಳಿದರು. ಮುದುಕರೊಬ್ಬರು ತಮ್ಮ ಬೀಗರು ನೆನಪಾದವರಂತೆ ತಲೆದೂಗಿದರು. ನಿಜವಾದ ಗೈಡ್ ಬಾಟಲಿಯ ನೀರು ಕುಡಿಯುತ್ತ ನಿಂತಿದ್ದ.

ಕೊನೆಗೆ ಆ ಗುಂಪಿನ ಹಿರಿಯ ಹೆಂಗಸು ನನ್ನ ಹತ್ತಿರ ಬಂದು ತೆಲುಗಿನಲ್ಲಿ, "ನಿಮ್ಮ ಗೈಡ್ ಬಹಳ ಚೆನ್ನಾಗಿ ಹೇಳ್ತಾರಮ್ಮಾ. ನಮ್ಮ ಗೈಡಿನ ಮಾತು ಒಂದೂ ತಿಳಿಯಲಿಲ್ಲ. ಮುಂದಿನ ಗುಡಿಗೆ ಇವರನ್ನು ನಾವು ಕರಕೊಂಡು ಹೋಗಬಹುದಾ?" ಎಂದರು.

"ಧಾರಾಳವಾಗಿ ಕರಕೊಂಡು ಹೋಗಿ," ಎಂದೆ. "ವಾಪಸ್ ತಂದುಬಿಡೋ ತ್ರಾಸು ತಗೋಬೇಡಿ."