ಹುಕ್ಕೇರಿ ದಾಟಿದ ಮೇಲೆ

ನಮ್ಮ ಕಾಕಾನಷ್ಟು ಜನರ ಕಥೆ ಕೇಳಲು ಹೋದವರು ಗೋಕಾಕ ತಾಲೂಕಿನಲ್ಲೇ ಇಲ್ಲ. ಕೇಳಿಸಿಕೊಂಡನೋ ಇಲ್ಲವೋ, ಅದು ಬೇರೆ ಮಾತು!

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಎಲ್ಲ ಜಾತಿ-ಕಸುಬಿನ ಹಿರಿಯರ ನೆನಪುಗಳನ್ನು ಅವರ ದನಿಯಲ್ಲೇ ಹಿಡಿದಿಡಬೇಕೆಂದು ಮೊಬೈಲ್ ಹಿಡಿದು ಹೊರಟ. ಆದರೆ ಪಾಠ ಮಾಡಿದ ಬಾಯಿ ಸುಮ್ಮನಿರುತ್ತದೆಯೇ? ಗೋಕಾಕದ ಮುದುಕ ನೇಕಾರರೊಬ್ಬರಿಗೆ ಮಗ್ಗದ ಇತಿಹಾಸವನ್ನು ತಾನೇ ಹೇಳಿಬಂದ. ಅವರು ಕೈಮುಗಿದು, "ಚಲೋ ಆತ್ರಿ ಮಾಸ್ತರ, ಇಷ್ಟು ವರ್ಷ ನಾ ಏನ್ ಮಾಡಾಕತ್ತಿದ್ದೆ ಅಂತ ಇವತ್ತ ತಿಳೀತು" ಎಂದರಂತೆ. ಕಾಕಾ ಅದನ್ನು ಹೊಗಳಿಕೆ ಎಂದೇ ತಿಳಿದ.

ಮೂಡಲಗಿ ಹತ್ತಿರ ಕುರಿಗಾರರ ಮನೆಯ ಅಜ್ಜಿಯೊಬ್ಬಳಿದ್ದಳು. ಪ್ರಾಯದಲ್ಲಿ ಕುರಿಹಿಂಡಿನ ಹಿಂದೆ ಊರೂರು ನಡೆದವಳು. ಅವಳನ್ನೂ ರೆಕಾರ್ಡ್ ಮಾಡಿಕೊಂಡು ಬಂದ ಕಾಕಾ, "ಭಾಳ ಚಲೋ ಮಾತಾಡಿದಳು" ಎಂದು ಖುಷಿಪಟ್ಟ.

ದೀಪಾವಳಿ ಕಳೆದ ಮೇಲೆ ಅಜ್ಜಿ ತೀರಿಕೊಂಡಳು. ಆಕೆಯ ಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು.

"ನೀ ಹಾದ್ಯಾಗ ಹುಟ್ಟಿದಾಕಿ ಅಂತಿದ್ದಳ್ರಿ ಅವ್ವ ನನಗ. ಎಲ್ಲಿ ಅಂತ ನಾ ಎಂದೂ ಕೇಳಲಿಲ್ಲ. ನಿಮ್ಮ ಮುಂದ ಹೇಳ್ಯಾಳೇನ್ರಿ?"

ಕಾಕಾ ಉತ್ಸಾಹದಿಂದ ಮೊಬೈಲ್ ಹಚ್ಚಿದ. ಅಜ್ಜಿಯ ದನಿ ಬಂತು: "ನನ್ನ ಮಗಳು ಹುಟ್ಟಿದ್ದು ಹುಕ್ಕೇರಿ ದಾಟಿದ ಮ್ಯಾಲ್ರಿ. ಅವತ್ತ ಮಳಿ..."

ಅಷ್ಟರಲ್ಲಿ ಕಾಕಾನ ದನಿ: "ಹುಕ್ಕೇರಿ ಅಂದಕೂಡ್ಲೆ ನೆನಪಾತು ನೋಡವಾ, ಅಲ್ಲಿ ಗುಮ್ಮಟ ಅದಾವಲ್ಲ..."

ಮುಂದೆಲ್ಲ ಗುಮ್ಮಟಗಳೇ. ಕೊನೆಗೊಮ್ಮೆ ಅಜ್ಜಿ, "ಚಾ ಆರತೈತಿ, ಕುಡೀರಿ" ಎಂದದ್ದು ಬಿಟ್ಟರೆ ಅವಳ ದನಿ ಇಲ್ಲ.

"ಅವ್ವ ಮಾತಾಡಿದ್ದಷ್ಟ ಇನ್ನೊಮ್ಮಿ ಹಚ್ಚರಿ" ಎಂದಳು ಮಗಳು. ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂದ ತಪ್ಪವಾ" ಎಂದ ಕಾಕಾ.

"ಇರಲಿ ಬಿಡ್ರಿ. ಮಗಳಾಗಿ ನಾನರ ಎಲ್ಲಿ ಕೇಳೇನಿ?"

ಅಂದಿನಿಂದ ಕಾಕಾ ಹುಕ್ಕೇರಿ ಆಚೀಚಿನ ಹಳ್ಳಿಗಳಲ್ಲಿ ತಿರುಗುತ್ತಿದ್ದಾನೆ. ಮಳೆಯಲ್ಲಿ, ದಾರಿಯಲ್ಲಿ ಹೆತ್ತ ಕುರಿಗಾರ ಹೆಣ್ಣುಮಗಳೊಬ್ಬಳ ನೆನಪು ಯಾರಿಗಾದರೂ ಇದೆಯೇ ಎಂದು ಕೇಳುತ್ತಾನೆ. ಇದುವರೆಗೂ ಯಾರಿಗೂ ಇಲ್ಲ.

ಹೋದವಾರ ಬೆಲ್ಲದ ಬಾಗೇವಾಡಿಗೆ ನಾನೂ ಜೊತೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಕಾಕಾನ ಪ್ರಶ್ನೆ ಕೇಳಿ, "ಅದ ಗೊತ್ತಿಲ್ಲಪ್ಪ" ಎಂದು, ಸತ್ತುಹೋದ ತನ್ನ ಎಮ್ಮೆಯ ಸುದ್ದಿ ತೆಗೆದಳು. ಬಸ್ಸಿನ ಹೊತ್ತಾಗಿತ್ತು. ನಾನು ಏಳಲು ಹೋದೆ.

ಕಾಕಾ ನನ್ನ ಕೈ ಹಿಡಿದು ಕೂಡಿಸಿ, ಮೆಲ್ಲಗೆ ಹೇಳಿದ: "ತಡಿಯವಾ. ಆಕಿ ಹೇಳಲಿ."