ಬೆಚ್ಚಗಿದ್ದ ಮೋಟರು

ನಮ್ಮ ಕಡೆ ಎಮ್ಮೆ ಕೊಳ್ಳುವವರು ದುಡ್ಡು ಹೊಂದಿಸುವುದಕ್ಕಿಂತ ಮೊದಲು ನನ್ನನ್ನು ಹುಡುಕುತ್ತಾರೆ. ಇದು ಜಂಬವಲ್ಲ, ಸತ್ಯಸಂಗತಿ. ಚಿಂಚಲಿಯಿಂದ ನಿಪ್ಪಾಣಿಯವರೆಗೆ ಎಷ್ಟು ಎಮ್ಮೆಗಳ ಬಾಯಿ ಬಿಡಿಸಿ ಹಲ್ಲು ನೋಡಿದ್ದೇನೋ, ಎಷ್ಟರ ಮೂಗು ಮುಟ್ಟಿದ್ದೇನೋ! ಎರಡು ಹೊತ್ತು ಹಾಲು ಕರೆಯದೆ ಕೆಚ್ಚಲು ಉಬ್ಬಿಸಿ ಸಂತೆಗೆ ತರುವ ಕಿಲಾಡಿಗಳನ್ನು ದೂರದಿಂದಲೇ ಗುರುತಿಸಿಬಿಡುತ್ತೇನೆ. ಮೂವತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು. ಅದನ್ನು ಒಂದೇ ಬೆಳಗಿನಲ್ಲಿ ಕೃಷ್ಣಾ ನದಿಗೆ ಬಿಟ್ಟೆ!

ನಮ್ಮ ಮನೆ ಅಂಕಲಿಯ ಹತ್ತಿರ, ನದಿಯ ಈಚೆ. ಹೊಲ ಆಚೆ. ಸೇತುವೆ ಸುತ್ತುವ ಬದಲು ಹಳೆಯ ದೋಣಿಯಲ್ಲಿ ಬಿದಿರಿನ ಗಳ ಹಾಕುತ್ತ ಹೋಗಿ ಮೇವು ತರುವುದು ನನ್ನ ರೂಢಿ. ಐವತ್ತೈದು ದಾಟಿದ ಮೇಲೆ ರಟ್ಟೆಗಳು ಸಂಪು ಹೂಡಿದವು. ದೋಣಿಯ ಹಿಂದಕ್ಕೆ ಸಿಕ್ಕಿಸುವ ಒಂದು ಹಳೆ ಮೋಟರು ಕೊಳ್ಳುವುದೆಂದು ತೀರ್ಮಾನಿಸಿದೆ.

"ಯಾರರೆ ಮೆಕ್ಯಾನಿಕ್‌ನ ಕರಕೊಂಡ ಹೋಗ್ರಿ" ಎಂದಳು ಹೆಂಡತಿ ಪದ್ಮಾ.

"ಜೀವ ಇದ್ದ ಎಮ್ಮೀನ ನೋಡಾಂವಗ ಈ ಕಬ್ಬಿಣ ಏನ್ ದೊಡ್ಡದು?" ಎಂದೆ. ಅವಳು ಚಪ್ಪಲಿ ಮೆಟ್ಟಿ ನನ್ನ ಹಿಂದೆಯೇ ಹೊರಟಳು.

ಮಾರುವವನು ರಾಯಬಾಗ ಕಡೆಯ ಬಾಬು. ಮೀನು ಹಿಡಿಯುವುದನ್ನು ಬಿಟ್ಟು ಟೆಂಪೋ ಓಡಿಸುತ್ತಿದ್ದ. ಮೋಟರನ್ನು ನೀರು ತುಂಬಿದ ಪೀಪಾಯಿಯ ಪಕ್ಕ ನಿಲ್ಲಿಸಿದ್ದ.

"ತಿಂಗಳಾತ್ರಿ ಕಾಕಾ, ಯಾರೂ ಮುಟ್ಟೇ ಇಲ್ಲ. ಏಕದಮ್ ಮಸ್ತ್ ಮಾಲ್ ಆಹೆ!"

ಪರೀಕ್ಷೆ ಕ್ರಮಬದ್ಧವಾಗಿ ಆರಂಭವಾಯಿತು. ಮೊದಲು ಹಲ್ಲು. ನೀರು ತಿರುವುವ ಪಂಖದ ಎಲೆಗಳನ್ನು ಎಣಿಸಿದೆ. ಮೂರು. "ಇನ್ನೂ ನಾಲ್ಕ ಹಲ್ಲ ಬಂದಿಲ್ಲ. ಪ್ರಾಯದ ಮಾಲು!" ಎಂದು ಘೋಷಿಸಿದೆ. ಆಮೇಲೆ ಮೂಗು. ಪಂಖದ ನಡುವಿನ ಗುಬಟನ್ನು ಮುಟ್ಟಿದರೆ ಒದ್ದೆ! ಮೂಗು ಒಣಗಿದ್ದರೆ ಜ್ವರ, ಒದ್ದೆಯಾಗಿದ್ದರೆ ಆರೋಗ್ಯ. ಕೊನೆಗೆ ಮೈಮೇಲೆ ಕೈಯಾಡಿಸಿದೆ. ಹದವಾಗಿ ಬೆಚ್ಚಗಿತ್ತು. ಇಷ್ಟು ಸುಲಕ್ಷಣದ ಮೋಟರನ್ನು ನಾನು ಕಂಡಿರಲಿಲ್ಲ. ಹಾಗೆ ನೋಡಿದರೆ ಬೇರೆ ಮೋಟರನ್ನೇ ಕಂಡಿರಲಿಲ್ಲ.

ಪದ್ಮಾ ಕೂಡ ಒಮ್ಮೆ ಮುಟ್ಟಿ ನೋಡಿ ಕೇಳಿದಳು: "ತಿಂಗಳಿಂದ ಹಚ್ಚಿಲ್ಲಂದ್ರ ಇದ್ಯಾಕ ಬೆಚ್ಚಗೈತಿ?"

ಬಾಬು ಸಟಕ್ಕನೆ ಆಕಾಶ ನೋಡಿದ. ಅವನ ಪರವಾಗಿ ನಾನೇ ಉತ್ತರಿಸಿದೆ: "ಆರೋಗ್ಯ ಇದ್ದ ಮೈ ಬೆಚ್ಚಗ ಇರತೈತಿ! ನಿನಗೇನ ತಿಳೀತೈತಿ?"

ಬಾಬು ಮೋಟರನ್ನು ಪೀಪಾಯಿಗೆ ಇಳಿಸಿ ಹಗ್ಗ ಎಳೆದ. ಒಂದೇ ಎಳೆತ! ಅಂಗಳ ನಡುಗಿತು. ನಾನು ಶಲ್ಯದ ಮರೆಯಲ್ಲಿ ಅವನ ಬೆರಳು ಹಿಡಿದು, ಎಮ್ಮೆಯ ವ್ಯಾಪಾರದಂತೆಯೇ ಶಾಸ್ತ್ರೋಕ್ತವಾಗಿ ದರದ ಮಾತು ಮುಗಿಸಿದೆ.

ಮರುವಾರ ಆಚೆ ದಡದ ಊರಲ್ಲಿ ಪದ್ಮಾಳ ತಂಗಿಯ ಮಗಳ ಕುಬಸ. ಹನ್ನೊಂದರೊಳಗೆ ಬಸುರಿಗೆ ಹಸಿರು ಸೀರೆ ಉಡಿಸಬೇಕು. ಸೀರೆ, ಬಳೆ, ಬುಟ್ಟಿ ತುಂಬ ಹೋಳಿಗೆ ನಮ್ಮ ಮನೆಯಿಂದ. ಪದ್ಮಾ ಬಸ್ಸಿಗೆ ಹೋಗೋಣವೆಂದಳು. ನಾನು ಮೋಟರನ್ನು ಉದ್ಘಾಟಿಸುವುದಾಗಿ ಓಣಿಗೆಲ್ಲ ಸಾರಿಬಿಟ್ಟಿದ್ದೆ!

ಚಳಿಯ ಬೆಳಗು. ಓಣಿಯ ಜನವೆಲ್ಲ ದಡದಲ್ಲಿ ನೆರೆದಿತ್ತು. ಪಕ್ಕದ ಮನೆಯ ಅಪ್ಪಾಸಾಬ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ. ದಡದ ಕೆಸರಿಗೆ ಪಂಖ ತಾಗಬಾರದೆಂದು ಗಳದಿಂದಲೇ ದೋಣಿಯನ್ನು ಮುಂದಕ್ಕೆ ನೂಕಿದೆ. ಆಳ ಬಂದ ಕೂಡಲೇ ಎದ್ದು ನಿಂತು, ಎಲ್ಲರೂ ನೋಡುವಂತೆ ಗಳವನ್ನು ದಡದತ್ತ ಎಸೆದೆ.

"ಅಪ್ಪಾಸಾಬ! ಇದನ್ನ ನಿನ್ನ ಅವರಿ ಚಪ್ಪರಕ್ಕ ಹಾಕ್ಕೋ. ನಮಗಿನ್ನ ಬೇಕಾಗಿಲ್ಲ!"

ಚಪ್ಪಾಳೆ ಬಿತ್ತು. ಹಗ್ಗ ಎಳೆದೆ. "ಕುಸ್" ಎಂದಿತು. ಮತ್ತೆ ಎಳೆದೆ. ಮುದುಕರಂತೆ ಕೆಮ್ಮಿ ಸುಮ್ಮನಾಯಿತು. ಮುಟ್ಟಿ ನೋಡಿದೆ. ಮೈ ತಣ್ಣಗೆ ಕೊರೆಯುತ್ತಿತ್ತು. ಬೆನ್ನು ಚಪ್ಪರಿಸಿ "ಹೋ ಹೋ, ಏಳವ್ವಾ, ನನ್ನ ರಾಣಿ" ಎಂದು ಪುಸಲಾಯಿಸಿದೆ. ಇತ್ತ ದೋಣಿ ಹರಿವಿನ ಜೊತೆ ಸಾವಕಾಶವಾಗಿ ಊರು ಬಿಟ್ಟು ಹೊರಟಿತ್ತು. ನಲವತ್ತನೆಯ ಸಲ ಎಳೆದಾಗ ಹಗ್ಗ ತುಂಡಾಗಿ ಕೈಗೇ ಬಂತು. ನಾನು ಹೋಳಿಗೆಯ ಬುಟ್ಟಿಯ ಪಕ್ಕದಲ್ಲಿ ಅಂಗಾತ ಬಿದ್ದೆ.

"ಬಾಲ ಕಿತ್ತ ಬಂತೇನ್ರಿ?" ಎಂದಳು ಪದ್ಮಾ.

ಅರ್ಧ ತಾಸು ತೇಲಿ, ತಿರುವಿನಲ್ಲಿ ನದಿಯ ನಡುವಿನ ಮರಳದಿಬ್ಬಕ್ಕೆ ಸಿಕ್ಕಿಕೊಂಡೆವು. ಅಲ್ಲಿ ಪರಿಚಯದ ರೈತ ಸಿದ್ರಾಮ ತನ್ನ ಎಮ್ಮೆಗಳ ಮೈ ತಿಕ್ಕುತ್ತಿದ್ದ. ಒಂದು ದೊಡ್ಡ ಎಮ್ಮೆಗೆ ದೋಣಿಯ ಹಗ್ಗ ಕಟ್ಟಿದ. ಅದು ಮೂಗು ಮೇಲೆತ್ತಿ ಈಜುತ್ತ ನಮ್ಮನ್ನು ಆಚೆ ದಡಕ್ಕೆ ಸೇರಿಸಿಯೇಬಿಟ್ಟಿತು.

"ಬಾಳ ಗಟ್ಟಿ ಎಮ್ಮಿ ಐತಿ. ಎಲ್ಲಿ ತಂದಿ?" ಎಂದೆ, ಕಳೆದುಹೋದ ಮಾನವನ್ನು ಸ್ವಲ್ಪವಾದರೂ ಹೆಕ್ಕಿಕೊಳ್ಳಲು.

"ಚಿಂಚಲ್ಯಾಗರಿ. ನೀವ ನೋಡಿ, ದಮ್ಮಿಲ್ಲ, ತಗೋಬ್ಯಾಡ ಅಂದಿದ್ರಲ್ರಿ. ಅದ ಇದು."

ಪದ್ಮಾ ಬುಟ್ಟಿಯಿಂದ ಎರಡು ಹೋಳಿಗೆ ತೆಗೆದು ಎಮ್ಮೆಗೆ ತಿನ್ನಿಸಿದಳು. ನನಗೆ ಕೊಡಲಿಲ್ಲ.

ಕುಬಸದ ಮನೆ ಮುಟ್ಟಿದಾಗ ಹನ್ನೆರಡೂವರೆ. ಬಸುರಿ ಬೇರೆ ಯಾರದೋ ಸೀರೆ ಉಟ್ಟು ಕೂತಿದ್ದಳು. ಅಪ್ಪಾಸಾಬನ ವಿಡಿಯೋ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಬೀಗರು ನನ್ನನ್ನು ನೋಡಿದಾಗಲೆಲ್ಲ ಶಲ್ಯದಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಮರುದಿನ ಬಾಬುವಿನ ಮನೆಗೆ ಜಗಳಕ್ಕೆ ಹೋದೆವು. ಅವನು ಕೈಮುಗಿದು ನಕ್ಕ.

"ಯಾವ ಎಂಜಿನ್ನರೆ ತಣ್ಣಗಿದ್ದಾಗ ಹಚ್ಚಿ ನೋಡಬೇಕ್ರಿ ಕಾಕಾ. ನೀವ ಬರೋದ್ರಾಗ ನಾ ಅರ್ಧ ತಾಸ ಓಡಿಸಿ ಇಟ್ಟಿದ್ದೆ. ಕಾಕೂ ಕೇಳಿದಾಗ ಸಿಕ್ಕಬಿದ್ದೆ ಅಂದ್ಕೊಂಡಿದ್ದೆ. ನೀವ ಕಾಪಾಡಿದ್ರಿ!"

ದಾರಿಯಲ್ಲಿ ಪದ್ಮಾ ಮೆಲ್ಲಗೆ ಕೇಳಿದಳು: "ಕೆಚ್ಚಲಾ ಉಬ್ಬಿಸಿ ತರೋದು ಅಂತಿರ್ತೀರಲ್ಲ, ಅದು ಇದ ಅಲ್ಲೇನ್ರಿ?" ನಾನು ಶಲ್ಯ ಕೊಡವಿ ಹೆಜ್ಜೆ ಜೋರು ಮಾಡಿದೆ.

ತಿಂಗಳವರೆಗೆ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ನಿನ್ನೆ ಬೆಳಗ್ಗೆ ಅಪ್ಪಾಸಾಬ ಬಂದ.

"ಅಣ್ಣಾರ, ಅಥಣ್ಯಾಗ ಒಂದ ಎಮ್ಮಿ ಐತಿ. ನೋಡಾಕ ಹೋಗಬೇಕಾಗೇತಿ."

ಬಂತಲ್ಲ ನನ್ನ ಹೆಸರು ವಾಪಸು! ಎದೆಯುಬ್ಬಿಸಿ ಗೂಟದಲ್ಲಿದ್ದ ಶಲ್ಯಕ್ಕೆ ಕೈ ಹಾಕಿದೆ.

"ನೀವಲ್ರಿ" ಎಂದ ಅಪ್ಪಾಸಾಬ. "ಪದ್ಮಾ ವೈನ್ಯಾರನ್ನ ಕಳಸ್ರಿ."

ಪದ್ಮಾ ನನ್ನ ಕೈಯಿಂದಲೇ ಶಲ್ಯ ತೆಗೆದುಕೊಂಡು ಹೊರಟಳು. ನಾನು ಮೇವು ತರಬೇಕಿತ್ತು. ಅಪ್ಪಾಸಾಬನ ಅವರೆ ಚಪ್ಪರದ ಹತ್ತಿರ ಹೋಗಿ, ಬಳ್ಳಿ ಹರಿಯದ ಹಾಗೆ ಮೆಲ್ಲಗೆ ಬಿಡಿಸಿ, ನನ್ನ ಗಳ ವಾಪಸು ತಂದುಕೊಂಡೆ.