ಪೋಸ್ಟರಿನ ಕೊನೇ ಸಾಲಿನಲ್ಲಿ ಉಲ್ಟಾ ಛತ್ರಿ

ಕತ್ತರಿ: ಇದು ಯಾರ ಕೆಲಸ ಅಂತ ಮೊದಲು ಹೇಳು, ಆಮೇಲೆ ಮಷಿನ್ ನಿಲ್ಲಿಸು.

ಶಾಯಿ: ಮಷಿನ್ ನಿಲ್ಲಿಸದೇ ನೀನು ಹೇಳೋದು ಕೇಳಿಸೋದಾದ್ರೂ ಹೇಗೆ?

ಕತ್ತರಿ: ಕೇಳಿಸದೇನೇ ಉತ್ತರ ಕೊಟ್ಟೆಯಲ್ಲ! ಹಾಗಾದ್ರೆ ಕಳ್ಳ ನೀನೇ.

ಶಾಯಿ ಮಷಿನ್ ನಿಲ್ಲಿಸಿದ. ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿದೆ, ಆದರೆ ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಮೂವತ್ತು ವರ್ಷದಿಂದ ಪ್ರೆಸ್ಸು ನಡೆಸಿ ನಡೆಸಿ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗದಂತಾದ ಮೇಲೆ ಊರಿಗೆಲ್ಲ ಅವನು ಶಾಯಿ. ಎದುರಿಗೆ ಬುಸುಗುಡುತ್ತ ನಿಂತವನು ಪಕ್ಕದ ರಸ್ತೆಯ ಸಲೂನಿನ ಯಜಮಾನ, ಚಡ್ಡಿ ಹಾಕುವ ಕಾಲದಿಂದಲೂ ಗೆಳೆಯ, ಕತ್ತರಿ. ಹೆಗಲ ಮೇಲೆ ಟವೆಲ್ಲು, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಗೋಡೆಯಿಂದ ಕಿತ್ತು ತಂದ ಪೋಸ್ಟರು. ಸಲೂನಿನ ಕುರ್ಚಿಯಲ್ಲಿ ಯಾರೋ ಪಾಪದವರು ಅರ್ಧ ತಲೆ ಹೊತ್ತು ಕೂತಿದ್ದಾರೆ ಎಂಬುದು ಶಾಯಿಗೆ ನೋಡಿದ ಕೂಡಲೇ ತಿಳಿಯಿತು.

ಪೋಸ್ಟರು ಎರಡು ದಿನದ ಸಂಗೀತೋತ್ಸವದ್ದು. ಮೇಲೆ ‘ಸಂಜೆ ಬಸ್ಸು’ ಎಂಬ ಹಳೇ ಹೆಸರಾಂತ ತಂಡ, ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ. ಕೆಳಗೆ ಬಂದಂತೆಲ್ಲ ತಂಡಗಳ ಕೀರ್ತಿಯೂ ಕಡಿಮೆ, ಅಕ್ಷರವೂ ಸಣ್ಣದು. ಕೊನೇ ಸಾಲಂತೂ ಇರುವೆ ಸಾಲು: ಗಾಜಿನ ಚಪ್ಪಲಿ, ನಿಧಾನದ ಲಿಫ್ಟು, ಮೂರೂವರೆ ಮಂದಿ, ಉಲ್ಟಾ ಛತ್ರಿ.

ಕತ್ತರಿ: ಉಲ್ಟಾ ಛತ್ರಿ! ಇದು ಯಾರ ಬ್ಯಾಂಡು?

ಶಾಯಿ: ನಮ್ಮದೇ.

ಕತ್ತರಿ: ಅದು ನಿಂತು ಎಷ್ಟು ವರ್ಷ ಆಯ್ತು?

ಶಾಯಿ: ಇಪ್ಪತ್ತಮೂರು.

ಕತ್ತರಿ: ಇಪ್ಪತ್ತಮೂರು ವರ್ಷದ ಹಿಂದೆ ನಿಂತುಹೋದ ಬ್ಯಾಂಡು ಬರೋ ಶನಿವಾರ ಹೇಗೋ ನುಡಿಸುತ್ತೆ?

ಶಾಯಿ: ನುಡಿಸುತ್ತೆ ಅಂತ ನಾನೆಲ್ಲಿ ಹೇಳಿದೆ? ಅಚ್ಚು ಹಾಕಿದೆ ಅಷ್ಟೇ. ನೋಡು, ಅವರು ಕೊಟ್ಟಿದ್ದು ಹನ್ನೊಂದು ತಂಡ. ಮೇಲಿನ ಸಾಲಿಗೆ ನಾಲ್ಕು, ನಡುವಿನದಕ್ಕೆ ನಾಲ್ಕು, ಕೊನೇದಕ್ಕೆ ಮೂರೇ ಉಳೀತು. ಬಲಗಡೆ ಮೂಲೆ ಬೋಳು ಬೋಳಾಗಿ ಕಾಣ್ತಿತ್ತು. ಸಾಲು ತುಂಬಿದ್ರೆ ಹೇಗಿರುತ್ತೆ ನೋಡೋಣ ಅಂತ ಪ್ರೂಫಿನಲ್ಲಿ ಒಂದು ಹೆಸರು ತುಂಬಿಸಿದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡ್ತಾರೆ. ಆಮೇಲೆ ತೆಗೆಯೋಣ ಅಂತಿದ್ದೆ.

ಕತ್ತರಿ: ತೆಗೀಲಿಲ್ಲ ಯಾಕೆ?

ಶಾಯಿ: ಚೆನ್ನಾಗಿ ಕಾಣ್ತಿತ್ತು ಕಣೋ.

ಕತ್ತರಿ: ಬೋಳು ತಲೆಯವರು ನಮ್ಮಲ್ಲಿಗೂ ಬರ್ತಾರೆ. ಚೆನ್ನಾಗಿ ಕಾಣಲಿ ಅಂತ ಅವರಿಗೆಲ್ಲ ನನ್ನ ಕೂದಲು ಕಿತ್ತು ಅಂಟಿಸ್ತೀನಾ?

ಶಾಯಿ: ಅಂಟಿಸೋಕೆ ನಿನ್ನ ಹತ್ರ ಇದ್ರೆ ತಾನೇ.

ಕತ್ತರಿ ತಲೆ ಮುಟ್ಟಿ ನೋಡಿಕೊಂಡ. ಆ ಮಾತು ಮುಂದುವರಿಸುವುದು ಕ್ಷೇಮವಲ್ಲ ಎನಿಸಿತೇನೋ, ದನಿ ತಗ್ಗಿಸಿದ.

ಕತ್ತರಿ: ಅಕ್ಕಂಗೆ ಗೊತ್ತಾ?

ಅಕ್ಕ ಎಂದರೆ ಕತ್ತರಿಯ ಸ್ವಂತ ಅಕ್ಕ. ಶಾಲೆಯಲ್ಲಿ ಹೆಡ್‌ಮೇಡಂ ಆಗಿದ್ದು ನಿವೃತ್ತರಾದ ಮೇಲೆ ಕೈಕಟ್ಟಿ ಕೂರಲಾರದೆ ಈ ಉತ್ಸವ ಹುಟ್ಟುಹಾಕಿದವರು. ಊರಿನಲ್ಲಿ ಅರ್ಧ ಜನ ಅವರ ಹತ್ತಿರ ಮಗ್ಗಿ ಕಲಿತವರು, ಉಳಿದರ್ಧ ಜನ ಕಿವಿ ಹಿಂಡಿಸಿಕೊಂಡವರು. ಇವರಿಬ್ಬರು ಎರಡೂ ಪಂಗಡಕ್ಕೆ ಸೇರಿದವರು.

ಶಾಯಿ: ಪ್ರೂಫ್ ನೋಡಿ ಸಹಿ ಹಾಕಿದ್ದು ಅವರೇ. ಕನ್ನಡಕ ಮರೆತು ಬಂದಿದ್ರು ಅನ್ಸುತ್ತೆ.

ಕತ್ತರಿ: ನಮ್ಮಕ್ಕ? ಅವಳು ಕಣ್ಣು ಮುಚ್ಚಿಕೊಂಡೇ ಹಿಂದಿನ ಬೆಂಚಿನಲ್ಲಿ ಯಾರು ಕಡಲೆಕಾಯಿ ತಿಂತಿದಾರೆ ಅಂತ ಹೇಳೋಳು. ಲೋ, ಎಂಟುನೂರು ಪೋಸ್ಟರು ಊರಲ್ಲೆಲ್ಲ ಅಂಟಿಸಿಬಿಟ್ಟಿದ್ದಾರೆ. ಅದೂ ಸಾಲದು ಅಂತ ಇದು ಬೇರೆ.

ಜೇಬಿನಿಂದ ನಾಲ್ಕು ಮಡಿಕೆಯ ಪತ್ರಿಕೆ ಹೊರಬಂತು. ‘ಉತ್ಸವಕ್ಕೆ ಮುನ್ನ: ಕೇಳಿದ, ಕೇಳಿರದ, ಕೇಳಲೇಬೇಕಾದ ತಂಡಗಳು’ ಎಂದು ಅರ್ಧ ಪುಟದ ಲೇಖನ. ಕತ್ತರಿ ಬಾಚಣಿಗೆಯ ತುದಿಯಿಂದ ಸಾಲು ತೋರಿಸುತ್ತ ಗಟ್ಟಿಯಾಗಿ ಓದತೊಡಗಿದ.

ಕತ್ತರಿ: ‘ಗಾಜಿನ ಚಪ್ಪಲಿ: ಮೂವರು ಅಕ್ಕತಂಗಿಯರು, ಎರಡು ಪಿಟೀಲು, ಆದ್ದರಿಂದ ಒಂದು ಜಗಳ. ಆ ಜಗಳವೇ ಸೊಗಸು.’ ‘ನಿಧಾನದ ಲಿಫ್ಟು: ಇವರು ಹಾಡು ಶುರುಮಾಡುವ ಮುಂಚೆ ಹೋಗಿ ಟೀ ಕುಡಿದು ಬರಬಹುದು. ಬಂದ ಮೇಲೂ ಶುರುವಾಗಿರುವುದಿಲ್ಲ. ಶುರುವಾದರೆ ಮಾತ್ರ ಕರ್ಚೀಫು ಬೇಕು.’ ‘ಮೂರೂವರೆ ಮಂದಿ: ನಾಲ್ಕನೆಯವನು ಹಾಡಿನ ನಡುವೆ ಬಂದು ಹಾಡಿನ ನಡುವೆಯೇ ಹೋಗುತ್ತಾನೆ. ಯಾಕೆಂದು ಉಳಿದ ಮೂವರಿಗೂ ತಿಳಿಯದು.’ ‘ಸಂಜೆ ಬಸ್ಸು: ನಿಮ್ಮ ಕಾಲೇಜು ದಿನಗಳ ಅದೇ ಹಾಡು, ಅದೇ ಕೂದಲು. ಕೂದಲಿನ ಬಣ್ಣ ಮಾತ್ರ ಹೊಸದು.’

ಶಾಯಿ: ಭಲೇ! ಯಾರಯ್ಯ ಇವನು, ಚೆನ್ನಾಗಿ ಬರೀತಾನೆ.

ಕತ್ತರಿ: ಈಗ ಕೇಳು. ‘ಉಲ್ಟಾ ಛತ್ರಿ: ಇಪ್ಪತ್ತಮೂರು ವರ್ಷದ ಮೌನ ಮುರಿದು ಮರಳುತ್ತಿರುವ ತಂಡ. ಇವರ ಡ್ರಮ್ಮಿನಲ್ಲಿ ಮಳೆಗೆ ಮುಂಚಿನ ಗುಡುಗಿದೆ. ಮನೆಯಲ್ಲಿ ಬಟ್ಟೆ ಒಣಹಾಕಿ ಬಂದವರು ಹುಷಾರಾಗಿರಬೇಕು.’

ಕತ್ತರಿಯ ಡ್ರಮ್ಮು ಎಂದರೆ ಆ ಕಾಲಕ್ಕೆ ಬೀದಿನಾಯಿಗಳೂ ಜಾಗ ಬಿಟ್ಟುಕೊಡುತ್ತಿದ್ದವು. ಶಾಯಿ ಗಾಯಕ. ಓದುತ್ತ ಓದುತ್ತ ಕತ್ತರಿಯ ಕೋಪ ಎತ್ತ ಹೋಯಿತೋ, ಮುಖದಲ್ಲಿ ಹೊಸ ಅಳಿಯನ ಕಳೆ ಬಂದಿತ್ತು.

ಶಾಯಿ: ಮುಂದೆ ಓದು.

ಕತ್ತರಿ: ಅಷ್ಟೇ.

ಶಾಯಿ: ಅಷ್ಟೇ ಅಂದ್ರೆ? ಹಾಡೋನ ಬಗ್ಗೆ?

ಕತ್ತರಿ: ಇಲ್ಲ.

ಶಾಯಿ: ಸರಿಯಾಗಿ ನೋಡೋ, ಹಿಂದಿನ ಪುಟಕ್ಕೆ ಹೋಗಿರಬೇಕು.

ಕತ್ತರಿ: ಹಿಂದಿನ ಪುಟದಲ್ಲಿ ಕುಕ್ಕರಿನ ಜಾಹೀರಾತಿದೆ. ಶಿಳ್ಳೆ ಚೆನ್ನಾಗಿ ಹಾಕುತ್ತೆ ಅಂತ ಬರೆದಿದೆ. ನಿನ್ನ ಬಗ್ಗೆ ಅಂತ ಇಟ್ಕೋತೀಯಾ?

ಶಾಯಿ: ಅನ್ಯಾಯ ಕಣೋ! ಬ್ಯಾಂಡನ್ನ ಕಷ್ಟಪಟ್ಟು ಪೋಸ್ಟರಿಗೆ ಹಾಕಿದ್ದು ನಾನು, ಹೊಗಳಿಕೆ ಎಲ್ಲ ನಿನಗಾ?

ಕತ್ತರಿ: ಪ್ರತಿಭೆಯನ್ನ ಮುಚ್ಚಿಡೋಕೆ ಆಗಲ್ಲಪ್ಪ.

ಶಾಯಿ: ಏನು ಪ್ರತಿಭೆ? ಅವನು ಕೇಳೇ ಇಲ್ಲ. ಕಂಡಿದ್ದು ಪೋಸ್ಟರು, ಬರೆದಿದ್ದು ಪುರಾಣ.

ಕತ್ತರಿ: ಕೇಳದೇನೇ ಇಷ್ಟು ಬರೆದಿದ್ದಾನೆ, ಇನ್ನು ಕೇಳಿದ್ರೆ ಎಷ್ಟು ಬರೀತಿದ್ನೋ!

ಶಾಯಿ: ಕೇಳಿದ್ರೆ ಪೆನ್ನು ಬಿಸಾಕಿ ಓಡಿಹೋಗ್ತಿದ್ದ. ಏಳು ಕಾರ್ಯಕ್ರಮದಲ್ಲಿ ಒಂದರಲ್ಲಾದ್ರೂ ನನ್ನ ಹಾಡು ಮುಗಿಯೋ ಹೊತ್ತಿಗೆ ನಿನ್ನ ಡ್ರಮ್ಮು ಮುಗಿದಿತ್ತಾ? ನಾನು ನಮಸ್ಕಾರ ಮಾಡಿ ಕೆಳಗಿಳಿದ ಮೇಲೂ ನೀನು ಬಾರಿಸ್ತಾನೇ ಇರ್ತಿದ್ದೆ.

ಕತ್ತರಿ: ನೀನು ಒಂದೊಂದು ಚರಣ ನುಂಗಿಹಾಕಿ ಬೇಗ ಮುಗಿಸ್ತಿದ್ದೆ. ನಾನು ಹಾಡಿಗೆ ಎಷ್ಟು ಬಾಕಿಯಿತ್ತೋ ಅಷ್ಟು ಬಾರಿಸ್ತಿದ್ದೆ. ಅದಕ್ಕೇ ತಾನೇ ಎಂಟನೇ ಕಾರ್ಯಕ್ರಮಕ್ಕೆ ನನ್ನನ್ನ ಕರೀಲಿಲ್ಲ?

ಶಾಯಿ: ನಾನು ಕರೀಲಿಲ್ಲವಾ? ನೀನು ಬರಲಿಲ್ಲ!

ಕತ್ತರಿ: ಕರೆಯದೇ ಬರೋಕೆ ನಾನೇನು ನೆಗಡಿನಾ?

ಇಪ್ಪತ್ತಮೂರು ವರ್ಷದಲ್ಲಿ ಈ ವಿಷಯ ಬಾಯಿಗೆ ಬಂದದ್ದು ಇದೇ ಮೊದಲು.

ಶಾಯಿ: ನೀನು ಬೇಜಾರು ಮಾಡ್ಕೊಂಡಿದ್ದೀಯ ಅಂತ ನಾನು ಸುಮ್ಮನಾದೆ.

ಕತ್ತರಿ: ನೀನು ಬೇಡ ಅಂದುಕೊಂಡಿದ್ದೀಯ ಅಂತ ನಾನು ಸುಮ್ಮನಾದೆ.

ಶಾಯಿ: ಪ್ರತಿ ತಿಂಗಳು ಬಂದು ನಿನ್ನ ಮುಂದೆ ತಲೆ ಬಗ್ಗಿಸಿ ಕೂತ್ಕೊತೀನಲ್ಲೋ. ಒಂದು ಮಾತು ಕೇಳಬಾರದಿತ್ತಾ?

ಕತ್ತರಿ: ಕೈಯಲ್ಲಿ ಕತ್ತರಿ ಇರುವಾಗ ಹಳೇ ವಿಷಯ ಎತ್ತಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ನೀನು ಕೇಳಬಹುದಿತ್ತಲ್ಲ?

ಶಾಯಿ: ಕುತ್ತಿಗೆ ನಿನ್ನ ಕೈಗೆ ಕೊಟ್ಟುಕೊಂಡು ನಾನು ಕೇಳ್ತೀನಾ?

ನಗು ಮೊದಲು ಯಾರಿಗೆ ಬಂತೆಂದು ಹೇಳುವುದು ಕಷ್ಟ. ಕಾಗದದ ರೀಮುಗಳ ಮೇಲೆ ಕುಸಿದು ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಇಳಿದ ಮೇಲೆ ಶಾಯಿ ಪೋಸ್ಟರನ್ನು ತೊಡೆಯ ಮೇಲೆ ಹರಡಿಕೊಂಡ.

ಶಾಯಿ: ನಿಜ ಹೇಳ್ತೀನಿ ಕಣೋ. ಮೂಲೆ ಬೋಳಾಗಿತ್ತು ಅನ್ನೋದು ನೆಪ. ಮೂವತ್ತು ವರ್ಷದಿಂದ ಊರಿನವರ ಹೆಸರೆಲ್ಲ ಅಚ್ಚು ಹಾಕಿದೀನಿ. ಮದುವೆ ಆಗೋರದ್ದು, ಚುನಾವಣೆಗೆ ನಿಂತೋರದ್ದು, ಸತ್ತೋರದ್ದು. ಒಂದ್ಸಲ ನಮ್ಮ ಹೆಸರು ಹೇಗೆ ಕಾಣುತ್ತೆ ನೋಡೋಣ ಅನ್ನಿಸ್ತು. ನೋಡಿದೆ. ಅಳಿಸೋಕೆ ಕೈ ಬರಲಿಲ್ಲ. ಇನ್ನೊಂದೇ ಒಂದ್ಸಲ ಹಾಡಬೇಕು ಅಂತ ಆಸೆ ಇದೆ ಕಣೋ ನನಗೆ.

ಕತ್ತರಿ: ಡ್ರಮ್ಮು ಇನ್ನೂ ನನ್ನ ಹತ್ರ ಇದೆ.

ಶಾಯಿ: ಮಾರಿಬಿಟ್ಟೆ ಅಂದಿದ್ದೆ?

ಕತ್ತರಿ: ನೀನು ಕೇಳಲಿ ಅಂತ ಅಂದಿದ್ದೆ. ನೀನು ಕೇಳಲೇ ಇಲ್ಲ.

ಆಸೆ ಇದ್ದರೇನು ಬಂತು, ಮೇಲೆ ಅಕ್ಕ ಇದ್ದಾರೆ. ಪತ್ರಿಕೆ ಓದಿ ಅವರೇ ಕರೆಸುವ ಮುಂಚೆ ತಾವಾಗಿ ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಎಂಬುದು ಇಬ್ಬರೂ ಶಾಲೆಯಲ್ಲೇ ಕಲಿತ ಪಾಠ. ಶಾಯಿ ಫೋನು ತೆಗೆದು ನಂಬರು ಒತ್ತಿದ. ರಿಂಗಾದ ಸದ್ದು ಪ್ರೆಸ್ಸಿನ ಬಾಗಿಲಲ್ಲೇ ಕೇಳಿಸಿತು.

ಅಕ್ಕ: ಫೋನ್ ಇಡು. ನಾನೇ ಬಂದಿದ್ದೀನಿ.

ಇಬ್ಬರೂ ದಡಬಡ ಎದ್ದು ನಿಂತರು. ಕತ್ತರಿ ಬಾಚಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಯಾಕೆ ಬಚ್ಚಿಟ್ಟನೋ ಅವನಿಗೂ ಗೊತ್ತಿಲ್ಲ.

ಶಾಯಿ: ಅಕ್ಕಾ, ತಪ್ಪಾಯ್ತು. ಉಲ್ಟಾ ಛತ್ರಿ ತುಂಬಿಸಿದ್ದು ನಾನೇ. ಇವನಿಗೇನೂ ಗೊತ್ತಿಲ್ಲ.

ಕತ್ತರಿ: ನನಗೇನೂ ಗೊತ್ತಿಲ್ಲ ಅಕ್ಕ. ಡ್ರಮ್ಮು ಮಾತ್ರ ನಂದು.

ಶಾಯಿ: ಎಂಟುನೂರು ಪೋಸ್ಟರಿಗೂ ನಾನೇ ಹೋಗಿ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ ಬರ್ತೀನಿ.

ಅಕ್ಕ ಕುರ್ಚಿ ಎಳೆದುಕೊಂಡು ಕೂತರು.

ಅಕ್ಕ: ಪ್ರೂಫಿಗೆ ಸಹಿ ಹಾಕಿದ್ದು ಯಾರು?

ಶಾಯಿ: ನೀವು.

ಅಕ್ಕ: ನಾನು ಓದದೇ ಸಹಿ ಹಾಕಿದ್ದನ್ನ ಈ ಜನ್ಮದಲ್ಲಿ ನೋಡಿದ್ದೀಯಾ?

ಶಾಯಿ: ಇಲ್ಲ ಅಕ್ಕಾ.

ಅಕ್ಕ: ಮತ್ತೆ? ಶನಿವಾರ ಮೂರೂವರೆಗೆ ನಿಮ್ಮದು. ಅರ್ಧ ಗಂಟೆ. ಅಭ್ಯಾಸ ಮಾಡೋದು ಬಿಟ್ಟು ಇಲ್ಲಿ ಕೂತು ಹರಟೆ ಹೊಡೀತಿದ್ದೀರಿ.

ಕತ್ತರಿ ‘ಹೋ’ ಎಂದು ಕೂಗಿ ಬಾಚಣಿಗೆಯಿಂದಲೇ ಕಾಗದ ಕತ್ತರಿಸುವ ಮಷಿನ್ನಿನ ಮೇಲೆ ತಾಳ ಬಾರಿಸಿದ. ಶಾಯಿ ಅಕ್ಕನ ಕಾಲಿಗೆ ಬೀಳಬೇಕೋ ಗೆಳೆಯನನ್ನು ಎತ್ತಿಕೊಳ್ಳಬೇಕೋ ತಿಳಿಯದೆ ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸಿದ.

ಕತ್ತರಿ: ಅಕ್ಕ, ಪತ್ರಿಕೆಯವನು ನನ್ನ ಬಗ್ಗೆ ಬರೆದಿದ್ದು ಓದಿದೆಯಾ? ಮಳೆಗೆ ಮುಂಚಿನ ಗುಡುಗಂತೆ!

ಅಕ್ಕ: ಪತ್ರಿಕೆಯವನೇನು ಬರೀತಾನೆ. ಸಣ್ಣಕ್ಷರದ ತಂಡಗಳನ್ನ ಕೇಳೋಕೆ ಅವನಿಗೆ ಪುರುಸೊತ್ತಿಲ್ಲವಂತೆ, ನೀವೇ ಬರೆದುಕೊಡಿ ಮೇಡಂ ಅಂದ. ಒಂದೊಂದನ್ನೂ ಕೇಳಿಯೇ ಬರೆದಿದ್ದೀನಿ. ನಿಮ್ಮನ್ನಂತೂ ಹೊಸದಾಗಿ ಕೇಳಬೇಕಾಗಿರಲಿಲ್ಲ. ವರ್ಷಪೂರ್ತಿ ನಮ್ಮನೆ ಹಿಂದಿನ ರೂಮಿನಲ್ಲಿ ಅಭ್ಯಾಸ ಮಾಡ್ತಿದ್ರಲ್ಲ. ನೀನು ಬಾರಿಸೋಕೆ ಶುರುಮಾಡಿದ್ರೆ ಮಳೆ ಬಂತು ಅಂತ ಓಡಿಹೋಗಿ ಎಷ್ಟು ಸಲ ಹಸಿ ಬಟ್ಟೆ ತೆಗೆದಿದ್ದೀನೋ ಲೆಕ್ಕವಿಲ್ಲ.

ಕತ್ತರಿಯ ಬಾಚಣಿಗೆ ನಿಂತುಹೋಯಿತು. ಈಗ ಶಾಯಿಯ ಮುಖ ಅರಳಿತು.

ಶಾಯಿ: ಅಕ್ಕಾ, ಹಾಗಾದ್ರೆ ನನ್ನ ಹಾಡೂ ವರ್ಷಪೂರ್ತಿ ಕೇಳಿದ್ದೀರಿ!

ಅಕ್ಕ: ಕೇಳಿದ್ದೀನಿ.

ಶಾಯಿ: ಮತ್ತೆ ಒಂದಕ್ಷರ ಬರೀಲಿಲ್ಲ?

ಅಕ್ಕ: ಕೇಳಿದ್ದೀನಿ ಕಣಪ್ಪ. ಅದಕ್ಕೇ ಬರೀಲಿಲ್ಲ.

ಕತ್ತರಿ ಟವೆಲ್ಲು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿದ. ಶಾಯಿಗೆ ಚುರುಕ್ ಎಂದಿತು. ಆದರೂ ಹಾಡುವ ಆಸೆ ಮಾನಕ್ಕಿಂತ ದೊಡ್ಡದಿತ್ತು.

ಶಾಯಿ: ಮತ್ಯಾಕಕ್ಕಾ ನಮ್ಮನ್ನ ವೇದಿಕೆ ಹತ್ತಿಸ್ತಿದ್ದೀರಿ?

ಅಕ್ಕ: ನಾಲ್ಕು ಗಂಟೆಗೆ ಸಂಜೆ ಬಸ್ಸಿನವರು ಮೈಕು ಪರೀಕ್ಷೆ ಮಾಡ್ಬೇಕು. ಅಷ್ಟರೊಳಗೆ ಮೈದಾನ ಖಾಲಿಯಾಗಬೇಕು. ದಯವಿಟ್ಟು ಏಳಿ ಅಂದ್ರೆ ಜನ ಏಳಲ್ಲ. ಹೋದ ವರ್ಷ ಇಪ್ಪತ್ತು ಜನ ಕಾರ್ಯಕರ್ತರು ಗಂಟಲು ಹರ್ಕೊಂಡ್ರು. ಈ ಸಲ ನೀನೊಬ್ಬನೇ ಸಾಕು.

ಶಾಯಿ ಪೋಸ್ಟರಿನತ್ತ ನೋಡಿದ, ಅಕ್ಕನತ್ತ ನೋಡಿದ.

ಶಾಯಿ: ಅಕ್ಕಾ, ನಿಮ್ಮ ತಮ್ಮ ಡ್ರಮ್ಮು ಬಾರಿಸ್ತಾನಲ್ಲ, ನೀವು ಬರ್ತೀರಿ ತಾನೇ?

ಅಕ್ಕ: ಬರದೇ ಇರ್ತೀನಾ? ಮೊದಲ ಸಾಲು, ನಡುವಿನ ಕುರ್ಚಿ. ಏನೇ ಆದ್ರೂ ನನ್ನ ಮಕ್ಕಳು ವೇದಿಕೆ ಮೇಲಿದ್ದಾಗ ನಾನು ಕೊನೇ ತನಕ ಕೂತೇ ಇರೋಳು.

ಶಾಯಿ: ಹಾಗಿದ್ರೆ ಸಂಜೆ ಬಸ್ಸಿನವರಿಗೆ ಐದು ಗಂಟೆಗೆ ಬನ್ನಿ ಅಂತ ಹೇಳಿಬಿಡಿ.

ಅಕ್ಕ: ಯಾಕೆ?

ಶಾಯಿ: ನೀವು ಕೂತಿರುವಾಗ ಎದ್ದು ಹೋಗೋ ಧೈರ್ಯ ಈ ಊರಲ್ಲಿ ಯಾರಿಗಿದೆ ಅಕ್ಕಾ?